ಕೌದಿಯ ಕೆಳಗಿನ ಕೈ

ಚೌಕಟ್ಟು ಬಾಗಿಲಲ್ಲಿ ತೂರಲಿಲ್ಲ. ಬೀದಿಯವರೆಲ್ಲ ಪಂಕ್ಚರ್ ಮಾವ ಎಂದು ಕರೆಯುವ ಸೈಕಲ್ ರಿಪೇರಿಯವನು ಅದನ್ನು ಅಡ್ಡ ಹಿಡಿದ, ಉದ್ದ ಹಿಡಿದ, ಕೊನೆಗೆ ಬಾಗಿಲಿಗೇ ಬೈದ. ಆಮೇಲೆ ಬೋಲ್ಟು ಬಿಚ್ಚಿ, ಕಾಲುಗಳನ್ನು ಬೇರೆ ಮಾಡಿ ಒಳಗೆ ತಂದು, ಕಿಟಕಿಯ ಪಕ್ಕ ಮತ್ತೆ ಜೋಡಿಸಿದ.

"ಏನ್ರೀ ಇದು, ಮಂಚಾನಾ?" ಕುರ್ಚಿಯಲ್ಲಿ ಕೂತಿದ್ದ ಹೆಂಡತಿ ಕೇಳಿದಳು.

"ನಿನ್ನ ಎಡಗೈ," ಎಂದ ಅವನು ಬೀಗುತ್ತ.

ಏಳು ತಿಂಗಳ ಹಿಂದೆ ಅವಳಿಗೆ ಲಕ್ವ ಹೊಡೆದಿತ್ತು. ಕಾಲು ಸುಧಾರಿಸಿತು, ಮಾತು ಮರಳಿತು, ಎಡಗೈ ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ. ಮೂವತ್ತು ವರ್ಷದಿಂದ ಹಳೆಬಟ್ಟೆ ಕೂಡಿಸಿ ಕೌದಿ ಹೊಲಿಯುತ್ತಿದ್ದವಳು, ಅರ್ಧಕ್ಕೆ ನಿಂತ ಕೌದಿಯನ್ನು ತೋರಿಸಿ, "ಯಾರಿಗಾದ್ರೂ ಕೊಟ್ಟುಬಿಡಿ" ಎಂದಿದ್ದಳು. ಕೈ ಬಿದ್ದಾಗ ಆಗದಷ್ಟು ಭಯ ಅವನಿಗೆ ಆ ಮಾತಿನಿಂದ ಆಗಿತ್ತು. ಕೌದಿಯನ್ನು ಯಾರಿಗೂ ಕೊಡದೆ ಅಂಗಡಿಯಲ್ಲಿ ಬಚ್ಚಿಟ್ಟು, ಮುರಿದ ಮೇಜಿನ ಕಾಲು, ಪರದೆ ಇಳಿಬಿಡುವ ದಪ್ಪ ಕೋಲು, ಏನು ಸಿಕ್ಕಿತೋ ಅದನ್ನೆಲ್ಲ ಸೇರಿಸಿ ಈ ಚೌಕಟ್ಟು ಕಟ್ಟಿದ್ದ. ಕೋಲಿನ ತುದಿಗೆ ಒಂದೇ ಕಡೆಗೆ ತಿರುಗುವ ಸೈಕಲ್ಲಿನ ಫ್ರೀವೀಲ್ ಬೇರೆ. ಈಗ ಆ ಕೌದಿಯನ್ನೇ ತಂದು ಕೋಲಿಗೆ ಸಿಕ್ಕಿಸಿದ.

"ನೋಡು, ಹೀಗೆ ತಿರುಗಿಸಿದ್ರೆ ಬಟ್ಟೆ ಸುತ್ಕೊಳ್ಳುತ್ತೆ. ಹಿಂದಕ್ಕೆ ಮಾತ್ರ ಜಗ್ಗಲ್ಲ!" ಟಿಕ್ ಟಿಕ್ ಟಿಕ್ ಎಂದು ಕೌದಿ ಬಿಗಿಯಿತು.

ಅವಳು ಬಲಗೈ ಬೆರಳಿಂದ ಬಟ್ಟೆಯ ಮೇಲೆ ಬಡಿದು ನೋಡಿದಳು. "ಡೋಲು ಮಾಡಿಬಿಟ್ರಲ್ಲ! ಸೂಜಿ ಆಡೋಕೆ ಜಾಗ ಬೇಡ್ವಾ? ಸ್ವಲ್ಪ ಸಡಿಲ ಬಿಡಿ."

ಹಿಂದಕ್ಕೆ ಜಗ್ಗಲ್ಲ ಎಂದು ಕೊಚ್ಚಿಕೊಂಡಿದ್ದವನು ಪೆಚ್ಚಾಗಿ, ಬೋಲ್ಟು ಸಡಿಲಿಸಿ ಅರ್ಧ ಸುತ್ತು ಬಿಟ್ಟ. ದಾರ ಪೋಣಿಸಿ ಕೊಟ್ಟ. ಅವಳು ಸೂಜಿಯನ್ನು ಕೌದಿಗೆ ಇಳಿಸಿದಳು. ಕೈ ಅಲ್ಲೇ ನಿಂತಿತು.

"ಆಗಲ್ಲ ಕಣ್ರೀ."

"ಯಾಕೆ? ಬಟ್ಟೆ ಹಿಡ್ಕೊಂಡಿದೆಯಲ್ಲ?"

"ಹಿಡ್ಕೊಳ್ಳೋದಷ್ಟೇ ಆಗಿದ್ರೆ ಮೊಣಕಾಲಲ್ಲೂ ಹಿಡೀತಿದ್ದೆ. ಕೆಳಗಡೆ ಕೈ ಬೇಕು. ಸೂಜಿ ಮೂರು ಪದರ ದಾಟ್ತೋ ಇಲ್ವೋ ಅಂತ ಕೆಳಗಿನ ಬೆರಳಿಗೇ ಗೊತ್ತಾಗೋದು. ಅದು ತಳ್ಳಿದ್ರೇನೇ ಸೂಜಿ ಮೇಲಕ್ಕೆ ಬರೋದು."

ಬಲಗೈ ಹೊಲಿಯುತ್ತದೆ, ಎಡಗೈ ಸುಮ್ಮನೆ ಹಿಡಿದುಕೊಂಡಿರುತ್ತದೆ ಎಂದೇ ಅವನು ಇಷ್ಟು ವರ್ಷ ತಿಳಿದಿದ್ದ. ಇನ್ನು ಈ ಚೌಕಟ್ಟನ್ನು ಬಿಚ್ಚಿ ಮತ್ತೆ ಅಂಗಡಿಗೆ ಒಯ್ಯಬೇಕೇನೋ ಎಂದು ಸ್ಪ್ಯಾನರ್ ಕೈಗೆತ್ತಿಕೊಂಡ. ಅವಳು ಅವನ ಕಪ್ಪು ಹಿಡಿದ ಬೆರಳುಗಳನ್ನೇ ನೋಡುತ್ತಿದ್ದಳು.

"ಟೈರಿನೊಳಗೆ ಮುಳ್ಳು ಹೇಗೆ ಹುಡುಕ್ತೀರಿ?"

"ಬೆರಳಾಡಿಸಿ."

"ಕಣ್ಣಿಗೆ ಕಾಣುತ್ತಾ?"

"ಕಾಣೋದೆಲ್ಲಿ ಬಂತು, ತಾಕುತ್ತೆ."

"ಹಾಗಾದ್ರೆ ಹೋಗಿ ಕೈ ತೊಳ್ಕೊಂಡು ಬನ್ನಿ."

ಅವನು ಎರಡು ಸಲ ಸೋಪು ಹಾಕಿ ತಿಕ್ಕಿದ. ಗಿಡ್ಡ ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತು, ಕೌದಿಯ ಕೆಳಗೆ ಕೈ ತೂರಿಸಿದ. ಮೇಲಿನಿಂದ ಸೂಜಿ ಇಳಿಯಿತು.

"ಆಯ್!"

"ತಾಕ್ತಾ?"

"ತಾಕೋದೇನು, ಚುಚ್ಚಿತು!"

"ಅಲ್ಲಿಗೆ ಸರಿಯಾಗಿದೆ. ಈಗ ಮೇಲಕ್ಕೆ ತಳ್ಳಿ."

ತಳ್ಳಿದ. ಒಂದು ಹೊಲಿಗೆ ಬಿತ್ತು. ಎರಡನೆಯದಕ್ಕೆ ಮತ್ತೆ ಚುಚ್ಚಿತು, ಮೂರನೆಯದಕ್ಕೂ ಬಿಡಲಿಲ್ಲ. ಅವಳ ಬಲಗೈ ಏಳು ತಿಂಗಳು ಸುಮ್ಮನಿದ್ದದ್ದನ್ನು ಮರೆತಂತೆ ಸರಸರನೆ ಓಡುತ್ತಿತ್ತು. ಅಕ್ಕಿಕಾಳಿಗಿಂತ ಸಣ್ಣ ಹೊಲಿಗೆಗಳು, ಅಳತೆಪಟ್ಟಿ ಇಟ್ಟು ಎಳೆದ ಹಾಗೆ ನೇರವಾಗಿ ಬರುತ್ತಿದ್ದವು. ಜನ್ಮಪೂರ್ತಿ ಚಕ್ರದ ಸೊಟ್ಟ ತಿದ್ದಿದವನಿಗೆ ನೇರ ಎಂದರೆ ಏನೆಂದು ಗೊತ್ತಿತ್ತು. ಎಂಥ ಕೆಲಸಗಾರ್ತಿ ತನ್ನ ಮನೆಯಲ್ಲಿದ್ದಾಳೆ ಎಂದು ಬೆರಳಿನ ಉರಿಯಲ್ಲೂ ಅವನ ಎದೆ ತುಂಬಿ ಬಂತು.

ಸಾಲು ಅರ್ಧ ಆದಾಗ ಅವನು ಕೈ ಹೊರಗೆ ತೆಗೆದು ಬೆರಳು ಚೀಪಿಕೊಂಡ. ಆಮೇಲೆ ಏನೋ ಹೊಳೆದವನಂತೆ, ಅವಳ ಮಡಿಲಲ್ಲಿ ಬಿದ್ದಿದ್ದ ಎಡಗೈಯನ್ನು ಎತ್ತಿ ಬೆಳಕಿಗೆ ಹಿಡಿದ. ತೋರುಬೆರಳ ತುದಿ ಜಡ್ಡುಗಟ್ಟಿತ್ತು. ಆ ಜಡ್ಡಿನ ತುಂಬ ಒತ್ತೊತ್ತಾಗಿ ಸೂಜಿಮೊನೆಯಷ್ಟು ಚುಕ್ಕೆಗಳು. ಏಳು ತಿಂಗಳಿಂದ ತಾನೇ ದಿನಾ ಎಣ್ಣೆ ತಿಕ್ಕುತ್ತಿದ್ದ ಕೈ ಅದು. ಪಾತ್ರೆ ತಿಕ್ಕಿ ಒರಟಾಗಿರಬೇಕು ಎಂದುಕೊಂಡಿದ್ದ.

"ಇಷ್ಟು ವರ್ಷವೂ ಹೀಗೇ ಚುಚ್ತಿತ್ತಾ?" ಅವನ ದನಿ ಸಣ್ಣದಾಗಿತ್ತು. "ಒಂದು ದಿನವೂ ಹೇಳಲಿಲ್ಲವಲ್ಲೇ."

"ಕೈ ಒಳಗಿಡಿ, ಸಾಲು ಅರ್ಧಕ್ಕೆ ನಿಂತಿದೆ," ಎಂದಳು ಅವಳು. "ನೀವು ಕೌದಿ ಹೊದ್ದಾಗ ಯಾವತ್ತಾದ್ರೂ ಚುಚ್ಚಿದ್ದುಂಟಾ?"