ಕಿಟಕಿಯ ವೈರು

ಜಹನಾರಾ ತನ್ನ ಫ್ರಿಜ್ಜಿನ ಪ್ಲಗ್ ಕಿತ್ತು, ಮನೆಯಲ್ಲಿದ್ದ ಒಂದೇ ದೊಡ್ಡ ಪ್ಲಗ್ ಪಾಯಿಂಟಿಗೆ ಉದ್ದನೆಯ ವೈರು ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಿಟಕಿಯಿಂದ ಪಿಳ್ಳಮ್ಮನಿಗೆ ಕೊಟ್ಟಳು. ವ್ಯಾನನ್ನೇ ಮನೆ ಮಾಡಿಕೊಂಡು ಗಂಡನೊಡನೆ ಯಾತ್ರೆ ಹೊರಟಿದ್ದ ಪಿಳ್ಳಮ್ಮ ಹಲಸೂರಿನ ಆ ಓಣಿಯಲ್ಲಿ ತಂಗಿದ್ದಳು. ಮೋಡ ಕವಿದು, ವ್ಯಾನಿನ ಮೇಲಿನ ಸೋಲಾರ್ ಸಾಲದೆ ಬ್ಯಾಟರಿ ಇಳಿದಿತ್ತು. ಗಂಡನ ಇನ್ಸುಲಿನ್ ಇಟ್ಟಿದ್ದ ಪುಟ್ಟ ಫ್ರಿಜ್ಜೂ ಆಗಷ್ಟೇ ನಿಂತಿತ್ತು.

“ನಿನ್ ಹಾಲು ಕೆಟ್ಟೋಗುತ್ತಲ್ಲ ತಾಯಿ?”

“ಹಾಲು ಒಡೆದ್ರೆ ಪನೀರ್ ಮಾಡ್ಕೋತೀನಿ ಅಮ್ಮಾ. ಯಜಮಾನ್ರ ಮದ್ದು ಕೆಟ್ರೆ ಏನ್ ಮಾಡ್ತೀರಾ?”

ಮರುದಿನ ದೇವರು ಕಣ್ಣುಬಿಟ್ಟಂತೆ ಬಿಸಿಲು ಬಂತು. ವ್ಯಾನಿನ ಬ್ಯಾಟರಿ ತುಂಬಿತು. ವೈರು ಸುತ್ತಿಕೊಂಡು ಹಿಂದಿರುಗಿಸಲು ಪಿಳ್ಳಮ್ಮ ಹೊರಟಾಗ ಓಣಿಯ ಕರೆಂಟು ಹೋಯಿತು. ಅವಳು ಅಲ್ಲೇ ನಿಂತು, ವೈರಿನ ಪ್ಲಗ್ಗನ್ನು ವ್ಯಾನಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಿಟಕಿಯೊಳಗೆ ಚಾಚಿದಳು.

“ತಗೋ ತಾಯಿ. ಇಸ್ಕೊಂಡ ಪಾತ್ರೆನ ಬರಿದಾಗಿ ವಾಪಸ್ ಕೊಡೋ ಪದ್ಧತಿ ನಮ್ಮಲ್ಲಿಲ್ಲ.”