ಸರ್ವರ್‌ಗೆ ರಾಹುದೋಷ

ನಮ್ಮ ಪಂಪ್‌ಸೆಟ್ ಕಂಪನಿಯಿಂದ ಹೋದ ಇಮೇಲ್‌ಗಳೆಲ್ಲ ಗೋಡೆಗೆ ಎಸೆದ ಚೆಂಡಿನಂತೆ ವಾಪಸ್ ಬರುತ್ತಿದ್ದವು. ಸ್ಪ್ಯಾಮ್ ಕಳಿಸುವವರ ಕಪ್ಪುಪಟ್ಟಿಗೆ ನಮ್ಮ ಸರ್ವರ್ ಸೇರಿತ್ತು.

"ಯಾಕಮ್ಮ ಹೀಗಾಯ್ತು?" ಎಂದು ಕಂಪ್ಯೂಟರ್ ನೋಡಿಕೊಳ್ಳುವ ನನ್ನನ್ನು ಕೇಳಿದರು ಮಾಲೀಕರು.

"ಕಂಡಕಂಡವರಿಗೆಲ್ಲ ದಸರಾ ಆಫರ್ ಕಳಿಸು ಅಂದ್ರಲ್ಲ ಸಾರ್, ಅದಕ್ಕೆ."

ಈ ಕಾರಣ ಅವರಿಗೆ ಹಿಡಿಸಲಿಲ್ಲ. ಜ್ಯೋತಿಷಿಗಳನ್ನು ಕರೆಸಿದರು. ಅವರು ಸರ್ವರ್‌ಗೆ ಒಂದು ಸುತ್ತು ಬಂದು, "ರಾಹುವಿನ ದೃಷ್ಟಿ ಬಿದ್ದಿದೆ. ಶಾಂತಿ ಆಗ್ಬೇಕು" ಎಂದರು.

"ಆಫರ್ ಮೇಲ್ ನಿಲ್ಲಿಸಿದ್ದೀನಿ ಸಾರ್. ಪಟ್ಟಿಯಿಂದ ನಮ್ಮನ್ನ ತೆಗೀರಿ ಅಂತ ಅರ್ಜಿನೂ ಹಾಕಿದ್ದೀನಿ," ಎಂದೆ.

"ಅರ್ಜಿ ಹಾಕಿದ್ರೆ ಗ್ರಹ ಬಿಡುತ್ತೇನಮ್ಮ?" ಎಂದು ಜ್ಯೋತಿಷಿಗಳು ನಕ್ಕರು.

"ಇವತ್ತು ಸರಿಹೋಗ್ಲಿಲ್ಲ ಅಂದ್ರೆ ನೀನು ಬೇರೆ ಕೆಲಸ ನೋಡ್ಕೋ," ಎಂದರು ಮಾಲೀಕರು.

ಆಫೀಸಿನಲ್ಲೇ ಹೋಮವಾಯಿತು. ಹೊಗೆಗೆ ಬೆಂಕಿಯ ಅಲಾರಂ ಅರಚಿಕೊಂಡಿತು, ಅದೂ ಶುಭಸೂಚನೆಯಂತೆ. ಸರ್ವರ್ ನೆತ್ತಿಗೆ ಕುಂಕುಮ ಬಿತ್ತು, ಕೋಣೆಯ ಬಾಗಿಲಿಗೆ ನಿಂಬೆಹಣ್ಣು ನೇತುಬಿತ್ತು. ಪ್ರಸಾದ ಹಂಚುವ ಹೊತ್ತಿಗೆ ನಮ್ಮ ಹೆಸರು ಪಟ್ಟಿಯಿಂದ ಹೋಗಿತ್ತು. ಮೇಲ್‌ಗಳು ಸಲೀಸಾಗಿ ಹೊರಟವು.

"ನೋಡಿದ್ಯಾ? ನಿನ್ನ ಕಂಪ್ಯೂಟರ್ ಓದು ಯಾವ ಕೆಲಸಕ್ಕೆ ಬಂತು?" ಎಂದ ಮಾಲೀಕರು, ಜ್ಯೋತಿಷಿಗಳಿಗೆ ಶಾಲು ಹೊದಿಸಿ ಕಾಲಿಗೆ ಬಿದ್ದರು. ನನಗೆ ಸಿಕ್ಕಿದ್ದು ಒಂದು ಹಿಡಿ ಪಂಚಕಜ್ಜಾಯ.

ಮಾಲೀಕರು ಕಾರು ತರಿಸಲು ಹೊರಗೆ ಹೋದದ್ದೇ ತಡ, ಜ್ಯೋತಿಷಿಗಳು ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು.

"ನಾನು ಭಕ್ತರಿಗೆ ಕಳಿಸೋ ವಾರಭವಿಷ್ಯನೂ ಒಂದು ತಿಂಗಳಿಂದ ಹೀಗೇ ವಾಪಸ್ ಬರ್ತಿದೆ ಕಣಮ್ಮ," ಎಂದು ದನಿ ತಗ್ಗಿಸಿದರು. "ಆ ಅರ್ಜಿ ಎಲ್ಲಿ ಹಾಕ್ಬೇಕು?"