ಓಡಿಹೋಗುವ ದೃಶ್ಯ

"ಮಂಗಳವಾರ ಬೆಳಗ್ಗೆ ಕಾರು ಗೇಟಿನ ಹತ್ತಿರ ಬಂದು ನಿಂತಿರತ್ತೆ. ಅವಳು ಸೂಟ್‌ಕೇಸ್ ಹಿಡ್ಕೊಂಡು ಓಡಿಬಂದು ಹತ್ತಬೇಕು. ಅಪ್ಪನಿಗೆ ಗೊತ್ತಾಗೋದು ಕಾರು ಹೊರಟ ಮೇಲೇನೇ."

ಮಗಳ ಕೋಣೆಯ ಬಾಗಿಲಿಗೆ ಕಿವಿಯಾನಿಸಿ ನಿಂತಿದ್ದ ಕನ್ನಡಕದಂಗಡಿಯ ಯಜಮಾನನ ಎದೆ ಧಸಕ್ಕೆಂದಿತು. ಒಳಗೆ ಫೋನಿನ ಆ ತುದಿಯಿಂದ ಗಂಡು ದನಿಯೊಂದು ಗಹಗಹಿಸಿತು. ಯಾರೆಂದು ಬೇರೆ ಹೇಳಬೇಕಿರಲಿಲ್ಲ. ಮಗಳ ಸಹಪಾಠಿ, ಆ ಗಡ್ಡದವನು. ಹೆಗಲಿಗೆ ಕ್ಯಾಮೆರಾ ನೇತುಹಾಕಿಕೊಂಡು, ದಿನಕ್ಕೊಂದು ನೆಪ ಹೂಡಿ ಮನೆಗೆ ಬರುತ್ತಿದ್ದವನು.

ಯಜಮಾನ ಬಾಗಿಲು ದೂಡಿದ.

"ಯಾರ ಅಪ್ಪನಿಗೆ?"

ಮಗಳು ಬೆಚ್ಚಲಿಲ್ಲ. ಗೋಡೆ ತೋರಿಸಿದಳು. ಅಲ್ಲಿ ಸಾಲಾಗಿ ಪೆನ್ಸಿಲ್ ಚಿತ್ರಗಳು: ಗೇಟು, ಕಾರು, ಸೂಟ್‌ಕೇಸ್ ಹಿಡಿದ ಕೈ, ಹೊಸ್ತಿಲಲ್ಲಿ ಬಾಯಿ ಬಿಟ್ಟು ನಿಂತ ಒಬ್ಬ ಅಪ್ಪ.

"ಸಿನಿಮಾದ ಅಪ್ಪನಿಗೆ. ಕಾಲೇಜಿನ ಪ್ರಾಜೆಕ್ಟು, ಟೀಸರ್ ಮಾಡಬೇಕು. ಸಿನಿಮಾ ಮಾಡಲ್ಲ, ಬರೀ ಟೀಸರ್."

"ಇಲ್ಲದ ಸಿನಿಮಾಕ್ಕೆ ಟೀಸರಾ?"

"ನೋಡಿದವರಿಗೆ ಮುಂದೇನಾಯ್ತು ಅಂತ ತಲೆ ಕೆಡಬೇಕು. ಅಷ್ಟಾದ್ರೆ ಪಾಸು."

ಯಜಮಾನನಿಗೆ ಅರ್ಧ ಜೀವ ಬಂತು. ಮಗಳ ಈಚಿನ ಹುಚ್ಚಾಟಗಳೆಲ್ಲ ಈಗ ಅರ್ಥವಾದವು. ದನಿ ಬಂದ್ ಮಾಡಿ ಟೀಸರ್ ನೋಡುತ್ತಿದ್ದಳು. ಚಿತ್ರಮಂದಿರದ ಮೊದಲ ಸಾಲಿನಲ್ಲಿ ಪರದೆಗೆ ಬೆನ್ನು ಹಾಕಿ ಕೂತು, ಜನರ ಮುಖ ನೋಡಿ ಬರುತ್ತಿದ್ದಳು. ಅಂಗಡಿಗೆ ಬಂದ ಗಿರಾಕಿಗಳನ್ನೂ ಬಿಟ್ಟಿರಲಿಲ್ಲ. ಒಂದು ಕಣ್ಣು ಮುಚ್ಚಿಕೊಂಡು ಅಕ್ಷರ ಓದುತ್ತಿದ್ದವರನ್ನು ತಡೆದು ಪ್ರಶ್ನೆ ಕೇಳುತ್ತಿದ್ದಳು. ಕಡೆಗೆ ಅವಳು ಕಂಡುಕೊಂಡದ್ದು ಇಷ್ಟು: ಪರದೆ ಮೇಲೆ ಬಾಂಬು ಸಿಡಿದರೂ ಮೊಬೈಲಿನಿಂದ ತಲೆಯೆತ್ತದವರು, ಯಾರಾದರೂ ಸೂಟ್‌ಕೇಸ್ ಹಿಡಿದು ಮನೆ ಬಿಟ್ಟರೆ ಮಾತ್ರ ಎತ್ತುತ್ತಾರೆ.

"ಕಾರು ಹತ್ತೋಳು ಯಾರು?"

"ನಾನೇ."

"ಓಡಿಸೋನು?"

"ಗಡ್ಡ."

ಬಂದಿದ್ದ ಅರ್ಧ ಜೀವವೂ ಹೋಯಿತು. "ನೀನು ಅವನ ಪಕ್ಕ ಕೂರೋದು ಬೇಡ. ನೀನು ನಿರ್ದೇಶಕಿ, ಕ್ಯಾಮೆರಾ ಪಕ್ಕ ನಿಂತ್ಕೋ."

"ಮತ್ತೆ ನಾಯಕಿಗೆ ಎಲ್ಲಿಗೆ ಹೋಗ್ಲಿ?"

ಯಜಮಾನ ಗಡ್ಡವಿಲ್ಲದ ತನ್ನ ಗಲ್ಲ ಸವರಿಕೊಂಡ. ಮನೆಯಲ್ಲೇ ತಂಗಿಯಿದ್ದಳು. ಅಂಗಡಿಯ ಹಿಂಬದಿ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಗಂಡು ಬಂದಿರಲಿಲ್ಲವೆಂದಲ್ಲ. ಬಂದವರನ್ನೆಲ್ಲ ಅಣ್ಣ ಗಾಜಿನ ಹಾಗೆ ಬೆಳಕಿಗೆ ಹಿಡಿದು ನೋಡಿ ಒಂದೊಂದು ಗೀರು ಕಂಡುಹಿಡಿದಿದ್ದ. ಬರಬರುತ್ತ ಬರುವವರೇ ನಿಂತುಹೋದರು.

"ನಿನ್ನ ಅತ್ತೇನ ಹಾಕ್ಕೋ."

"ಅತ್ತೇನಾ? ಅವರ ವಯಸ್ಸಲ್ಲಿ ಓಡಿಹೋದ್ರೆ ಯಾರಪ್ಪ ನಂಬ್ತಾರೆ?"

"ಅದಕ್ಕೇ ನೋಡ್ತಾರೆ ಕಣೇ. ತಲೆ ಕೆಡಬೇಕು ಅಂದೋಳು ನೀನೇ ತಾನೆ?"

ಮಗಳು ಮುಖ ಊದಿಸಿಕೊಂಡಳು. ತಂಗಿಯಂತೂ ಅಡುಗೆಮನೆಯೊಳಗೆ ಅಡಗಿದಳು. "ಬೇಡ ಅಣ್ಣ, ಬೀದಿಯವರೆಲ್ಲ ನಗ್ತಾರೆ."

"ನಾನೇ ಹೇಳ್ತಿದ್ದೀನಲ್ಲ, ಹೋಗು."

"ನೀನೇ ಹೇಳಿದ ಮೇಲೆ ಇನ್ನೇನಿದೆ," ಎಂದು ತಲೆ ತಗ್ಗಿಸಿದಳು.

ಉಳಿದದ್ದು ಕಾರು ಓಡಿಸುವವನು. ಗಡ್ಡದವನ ಪಕ್ಕ ಅತ್ತೆ ಕೂತರೆ ತಾಯಿ ಮಗ ಊರಿಗೆ ಹೊರಟ ಹಾಗಿರುತ್ತದೆಂದು ಮಗಳು ಗೊಣಗಿದಳು. ಅದಕ್ಕೂ ಯಜಮಾನನ ಬಳಿ ಉತ್ತರವಿತ್ತು: ಕನ್ನಡಕದ ಫ್ರೇಮುಗಳ ಏಜೆಂಟು. ಸ್ವಂತ ಕಾರಿದೆ, ಒಂಟಿ ಜೀವ, ಮಾತು ಕಡಿಮೆ. ಅಂಗಡಿಯಲ್ಲಿ ಸರಕು ತುಂಬಿ ತುಳುಕುತ್ತಿದ್ದರೂ ವಾರಕ್ಕೆರಡು ಸಲ ಹೊಸ ಮಾದರಿ ಹಿಡಿದು ಬರುವಷ್ಟು ಶ್ರದ್ಧೆ.

"ಅಂಥ ನಂಬಿಗಸ್ತ ಲಕ್ಷಕ್ಕೊಬ್ಬ," ಎಂದು ಹೆಂಡತಿ, ಮಗಳು, ತಂಗಿಯ ಮುಂದೆ ಸಾರಿ, ತಾನೇ ಫೋನು ಮಾಡಿದ.

"ನನಗೆ ನಟನೆ ಬರಲ್ಲ ಸಾರ್," ಎಂದ ಏಜೆಂಟು.

"ನಟನೆ ಯಾಕ್ರೀ? ಸ್ಟೀರಿಂಗ್ ಹಿಡಿದು ಕೂತ್ಕೊಳ್ಳಿ, ಸಾಕು."

ಮಂಗಳವಾರ ಅಂಗಡಿಗೆ ವಾರದ ರಜೆ. ಅಪ್ಪನ ಪಾತ್ರ ಯಜಮಾನನಿಗೇ ಬಂದಿತ್ತು. ಆದರೆ ಅಷ್ಟಕ್ಕೇ ಸುಮ್ಮನಿರುವ ಜೀವವಲ್ಲ ಅದು. ತಾಲೀಮಿನಲ್ಲಿ ಸೂಟ್‌ಕೇಸ್ ತಂಗಿಯ ಕೈಯಲ್ಲಿ ಗಾಳಿಪಟದಂತೆ ಹಾರಾಡಿದ್ದು ಕಂಡು ಕೂಗಿದ: "ಖಾಲಿ ಅಂತ ಕುರುಡನಿಗೂ ಗೊತ್ತಾಗತ್ತೆ! ಬಟ್ಟೆಬರೆ ತುಂಬ್ಕೊಂಡು ಬಾ!"

ತಂಗಿ ಒಳಗೆ ಹೋಗಿ, ಕೈ ಜಗ್ಗುವಷ್ಟು ಭಾರ ಹೊತ್ತು ಬಂದಳು.

"ಇನ್ನು ಆ ಓಟ! ವಾಕಿಂಗ್ ಹೊರಟಿದ್ದೀಯೋ? ನಿಜವಾಗ್ಲೂ ಮನೆ ಬಿಡೋಳ ಥರ ಓಡು!"

ಗಡ್ಡದವನು ಕ್ಯಾಮೆರಾಕ್ಕೆ ಕಣ್ಣಿಟ್ಟ. ಮಗಳು ಕೈ ಬೀಸಿದಳು. ತಂಗಿ ಓಡಿದಳು. ಅಂಥ ಓಟವನ್ನು ಅಣ್ಣ ಅವಳ ಚಿಕ್ಕಂದಿನ ನಂತರ ಕಂಡಿರಲಿಲ್ಲ. ಕಾರಿನ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳದೆ ತಕರಾರು ಮಾಡಿತು. ಯಜಮಾನ ಪಾತ್ರ ಮರೆತು ಹೊಸ್ತಿಲಿನಿಂದ ಹಾರಿಬಂದು, ಬಾಗಿಲನ್ನು ಹೊರಗಿನಿಂದ ಒತ್ತಿ ಹಾಕಿ, "ಹ್ಞೂಂ, ಹೊರಡಿ ಹೊರಡಿ!" ಎಂದು ಕಾರಿನ ತಲೆ ತಟ್ಟಿದ. ಕಾರು ತಿರುವಿನಲ್ಲಿ ಮರೆಯಾಯಿತು. ಅಕ್ಕಪಕ್ಕದವರು ಚಪ್ಪಾಳೆ ಹೊಡೆದರು. ಯಜಮಾನ ಬೀಗಿದ.

ಕಾರು ವಾಪಸು ಬರಲಿಲ್ಲ.

ಚಪ್ಪಾಳೆ ಹೊಡೆದವರು ಮನೆ ಸೇರಿದರು. ಚಹಾ ಆರಿತು. "ಪೆಟ್ರೋಲ್ ಮುಗೀತೋ ಏನೋ," ಎಂದು ಯಜಮಾನ ಗೇಟಿಗೂ ಮೆಟ್ಟಿಲಿಗೂ ಸುತ್ತಿದ. ಅತ್ತ ಮಗಳು ಟ್ರೈಪಾಡ್ ಮಡಚುತ್ತಿದ್ದಳು.

"ಇನ್ನೊಂದು ಸಲ ತೆಗೆಯೋದು ಬೇಡ್ವಾ?"

"ಬೇಡಪ್ಪ. ಅಂದ್ಕೊಂಡ ಹಾಗೇ ಬಂದಿದೆ."

ಫೋನು ಬಡಿದುಕೊಂಡಿತು. ತಂಗಿ.

"ಅಣ್ಣ, ಬೈಬೇಡ. ನಾವಿಬ್ಬರೂ ಮದುವೆ ನೋಂದಣಿ ಕಚೇರಿಯಲ್ಲಿದ್ದೀವಿ, ನೋಟಿಸು ಕೊಟ್ಟು ತಿಂಗಳಾಯ್ತು. ನಮ್ಮ ಕಡೆಯಿಂದ ಸಾಕ್ಷಿ ಸಹಿ ಬೇಕಂತೆ. ಬರ್ತೀಯಲ್ಲ?"

ಏಜೆಂಟನಲ್ಲೊಂದು ಗೀರು ಹೇಳಲೆಂದು ಯಜಮಾನ ಬಾಯಿ ತೆರೆದ. ಎಷ್ಟು ತಡಕಾಡಿದರೂ ಒಂದೂ ಸಿಗಲಿಲ್ಲ.

"ಬಾಯಿ ಮುಚ್ಚಿ ಹೊರಡ್ರೀ, ಹೊತ್ತಾಗತ್ತೆ," ಎಂದಳು, ಬೆಳಗ್ಗೆಯೇ ಹೊಸ ಬಟ್ಟೆ ಉಟ್ಟು ಸಿದ್ಧಳಾಗಿದ್ದ ಹೆಂಡತಿ, ಮನೆಗೆ ಬೀಗ ಜಡಿಯುತ್ತ.